ಬರ್ತೀನಿ ಅಂದವಳ ಕಾಲು

ನನಗೊಂದು ಚಟವಿದೆ. ಎಲೆಅಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಯಾರು ಎಲ್ಲಿಗೆ ಕರೆದರೂ 'ಬರ್ತೀನಿ' ಅಂದುಬಿಡುವ ಚಟ. ಗೃಹಪ್ರವೇಶಕ್ಕೆ ಬರ್ತೀನಿ, ನಾಮಕರಣಕ್ಕೆ ಬರ್ತೀನಿ, ತರಕಾರಿ ಅಂಗಡಿಯವರ ಮೊಮ್ಮಗಳ ಕಿವಿ ಚುಚ್ಚಿಸುವುದಕ್ಕೂ ಬರ್ತೀನಿ. ಹೋಗುವುದು ಮಾತ್ರ ಹತ್ತಕ್ಕೆ ಒಂದು. ಸುಳ್ಳು ಹೇಳಬೇಕೆಂದು ಹೇಳುವುದಲ್ಲ. ಆ ಮಾತು ಕೇಳಿದಾಗ ಕರೆದವರ ಮುಖ ಅರಳುತ್ತದಲ್ಲ, ಅದನ್ನು ನೋಡುವ ಆಸೆ ನನಗೆ. ನೆಂಟರಲ್ಲಿ ನನಗೆ 'ಬರ್ತೀನಿ ಪ್ರಮೀಳಾ' ಎಂದೇ ಹೆಸರು. ನಮ್ಮ ಯಜಮಾನರಂತೂ, "ಇವಳು ಬರ್ತೀನಿ ಅಂದ್ರೆ ಒಂದು ಎಲೆ ಕಡಿಮೆ ಹಾಕಿ" ಎಂದು ಕರೆದವರಿಗೆ ನನ್ನೆದುರೇ ಹೇಳಿಬಿಡುತ್ತಾರೆ.

ಅಂಬುಜಾಕ್ಷಿಗೆ ಒಂಬತ್ತು ವರ್ಷ ಬರ್ತೀನಿ ಅಂದಿದ್ದೆ. ನಾವಿಬ್ಬರೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಇಪ್ಪತ್ತೆರಡು ವರ್ಷ ಊರಿನವರ ಟ್ರಂಕ್ ಕಾಲ್ ಜೋಡಿಸಿದವರು. ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡವರು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಅವಳು ದ್ರಾಕ್ಷಿ ತೋಟಗಳ ಪಕ್ಕದ ಒಂದು ಬಡಾವಣೆಯಲ್ಲಿ ಪುಟ್ಟ ಮನೆ ಕೊಂಡು ಹೋದಳು. ಮದುವೆಯಾಗಿರಲಿಲ್ಲ, ಒಂಟಿ ಜೀವ. ತಿಂಗಳಿಗೊಮ್ಮೆ ಫೋನು ಮಾಡಿ ಕರೆಯುತ್ತಿದ್ದಳು. ತಿಂಗಳಿಗೊಮ್ಮೆ ನಾನು ಬರ್ತೀನಿ ಅನ್ನುತ್ತಿದ್ದೆ.

ಹೋದ ಮಾಘದಲ್ಲಿ ಅವಳ ಫೋನು ಬಂತು. "ಪಮ್ಮಿ, ನಾನು ಮದುವೆ ಆಗ್ತಿದೀನಿ ಕಣೇ."

ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. "ಯಾರನ್ನೇ?"

"ಮುನಿವೆಂಕಟಪ್ಪ ಅಂತ. ದ್ರಾಕ್ಷಿಗೆ ಕಸಿ ಕಟ್ಟೋರು. ಹೆಂಡತಿ ತೀರಿಕೊಂಡು ಬಹಳ ವರ್ಷ ಆಯ್ತು. ನಮ್ಮನೆ ಮುಂದೆ ಚಪ್ಪರ ಹಾಕೋಕೆ ಬಂದ್ರು. ಬಳ್ಳಿ ಚಪ್ಪರ ಹತ್ತೋ ಹೊತ್ತಿಗೆ ಇವ್ರು ನನ್ ತಲೆಗೆ ಹತ್ತಿಬಿಟ್ಟಿದ್ರು." ಐವತ್ತೊಂಬತ್ತು ವರ್ಷದವಳು ಕಿಸಕ್ಕನೆ ನಕ್ಕಳು. ಆಮೇಲೆ ದನಿ ತಗ್ಗಿತು. "ಬರೋ ಭಾನುವಾರ, ಸಂಜೆ ನಾಲ್ಕೂವರೆಗೆ. ಧಾರೆ ಎರೆಯೋಕೆ ನನಗೆ ಅಪ್ಪ ಅಮ್ಮ ಇಲ್ಲ. ನೀನೇ ಎರೀಬೇಕು. ಇಲ್ಲಿಯವರು ಯಾರೂ ಬರೋ ಹಾಗೆ ಕಾಣಲ್ಲ."

"ಬರ್ತೀನಿ ಕಣೇ!"

"ಫೋನಲ್ಲಿ ಅಂದಿದ್ದು ಲೆಕ್ಕಕ್ಕಿಲ್ಲ ಬಿಡು. ಬಂದಾಗ ಬಂದೆ ಅಂತ," ಎಂದು ಇಟ್ಟುಬಿಟ್ಟಳು. ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ. ಚುಚ್ಚಿದ್ದು ಮಾತ್ರ ತಿಳಿಯಿತು.

ಈ ಸಲ ಹೋಗಿಯೇ ಹೋದೆ. ಯಜಮಾನರಿಗೆ ನಂಬಿಕೆಯಿರಲಿಲ್ಲ, ಬಸ್ ಸ್ಟ್ಯಾಂಡಿಗೆ ಬಂದು, ಹತ್ತಿಸಿ, ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ಕಾವಲು ನಿಂತಿದ್ದರು. ಬಸ್ಸಿನಲ್ಲಿಯೇ ಒಂದು ವಿಚಿತ್ರ ಕಂಡೆ. ಬಡಾವಣೆ ಹತ್ತಿರವಾದಂತೆ ಇಳಿಯುವವರೆಲ್ಲ "ಹೋದೆ ಕಣಣ್ಣ," "ಹೋಗ್ತೀನಿ ಕಣಮ್ಮ" ಅನ್ನುತ್ತಿದ್ದರು. ನಮ್ಮಜ್ಜಿಯಾಗಿದ್ದರೆ ಬಾಯಿಗೆ ಬಡಿಯುತ್ತಿದ್ದರು. ಮನೆಯಿಂದ ಹೊರಡುವವರು ಎಲ್ಲಾದರೂ 'ಹೋಗ್ತೀನಿ' ಅನ್ನುವುದುಂಟೇ? ಕಂಡಕ್ಟರ್ ಮಾತ್ರ ನಗುನಗುತ್ತಾ "ಹೋಗಿ ಹೋಗಿ" ಎಂದು ಎಲ್ಲರನ್ನೂ ಕಳಿಸುತ್ತಿದ್ದ.

ಬೆಳಿಗ್ಗೆ ಹತ್ತಕ್ಕೆ ಬಡಾವಣೆಯ ಕಮಾನಿನ ಹತ್ತಿರ ಇಳಿದೆ. ಎಂಥ ಚೆಂದದ ಜಾಗ! ಅಗಲ ರಸ್ತೆ, ಎರಡೂ ಕಡೆ ಹೊಂಗೆ ಮರ, ಒಂದೊಂದು ಮನೆಯ ಮುಂದೂ ದ್ರಾಕ್ಷಿ ಚಪ್ಪರ. ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೂ ಚಪ್ಪರಕ್ಕೆ ಜಾಗ ಬಿಟ್ಟಿದ್ದರು. ಬಡಾವಣೆ ಮುಗಿದಲ್ಲಿಂದ ದಿಗಂತದವರೆಗೂ ತೋಟ, ಅದರಾಚೆ ವೈನು ಫ್ಯಾಕ್ಟರಿಯ ಹೆಂಚಿನ ಮಾಡು. ಸುಗ್ಗಿ ಕಾಲವಾದ್ದರಿಂದ ಗಾಳಿಗೇ ಹುಳಿಸಿಹಿ ವಾಸನೆ. ಒಂದು ಗೇಟಿಗೆ ಹಲಗೆ ತೂಗುಹಾಕಿದ್ದರು: 'ನಲ್ಲಿ ರಿಪೇರಿಯವರು ನೋಡೋಣ ಅನ್ನಕೂಡದು.' ಇನ್ನೊಂದು ಹಲ್ಲಿನ ಡಾಕ್ಟರ ಮನೆ. ಅಲ್ಲಿ, 'ಮುಂದಿನ ಸಲ ಯಾವತ್ತು ಎಂದು ಬಾಯಿಬಿಟ್ಟು ಹೇಳಿ ಹೋಗಿ.' ಓದಿ ನಕ್ಕು ಮುಂದೆ ನಡೆದೆ.

ಕೆಂಪು ಗೇಟಿನ ಮನೆಯ ಮುಂದೆ ಎಪ್ಪತ್ತರ ಅಜ್ಜಿಯೊಬ್ಬರು ಚಾಪೆಯ ಮೇಲೆ ದ್ರಾಕ್ಷಿ ಒಣಹಾಕಿ ಗೊರವಂಕ ಓಡಿಸುತ್ತಿದ್ದರು. ಪುಟ್ಟಗೌರಮ್ಮ ಎಂದು ಆಮೇಲೆ ತಿಳಿಯಿತು. ದಾರಿ ಕೇಳಿದೆ. ತೋರಿಸಿ, "ಬಿಸ್ಲಲ್ ಬಂದಿದ್ದೀಯ, ಒಂದ್ ಲೋಟ ಮಜ್ಜಿಗೆ ಕುಡ್ಕೊಂಡ್ ಹೋಗವ್ವ" ಎಂದರು.

"ಈಗ ಬೇಡಮ್ಮ, ಆಮೇಲೆ ಬರ್ತೀನಿ."

ಅವರ ಕೈಯಲ್ಲಿದ್ದ ಕೋಲು ಹಾಗೆಯೇ ನಿಂತಿತು. "ಬತ್ತೀಯಾ?"

"ಓ, ಬರ್ತೀನಿ!"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗೊರವಂಕಗಳನ್ನು ಅವುಗಳ ಪಾಡಿಗೆ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದರು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು ಕೇಳಿಸಿತು. ಒಳ್ಳೆಯ ಚುರುಕು ಜನ ಅಂದುಕೊಂಡೆ.

ಮುಂದಿನ ತಿರುವಿನಲ್ಲಿ ನಿವೃತ್ತ ಸರ್ವೆಯರ್ ಹನುಮಂತರಾಯರು ಪೇಪರ್ ಓದುತ್ತಿದ್ದರು. ಬಡಾವಣೆಯ ಸಂಘಕ್ಕೆ ಅವರೇ ಅಧ್ಯಕ್ಷರಂತೆ. "ಇಲ್ಲಿಂದ ಮುನ್ನೂರಿಪ್ಪತ್ತಡಿ, ಎಡಕ್ಕೆ ನೂರಾ ಹತ್ತಡಿ" ಎಂದು ದಾರಿ ಹೇಳಿ, ವಾಡಿಕೆಯಂತೆ "ಕಾಫಿ?" ಎಂದರು. "ಇನ್ನೊಂದ್ಸಲ ಖಂಡಿತ ಬರ್ತೀನಿ ಸಾರ್" ಅಂದೆ. ಅವರ ಕನ್ನಡಕ ಮೂಗಿನಿಂದ ಜಾರಿತು. ಒಳಗಿಂದ ಹೆಂಗಸಿನ ದನಿ ಕೂಗಿತು: "ಯಾರ್ರೀ ಅದು ಬರ್ತೀನಿ ಅಂದಿದ್ದು?"

ಹೀಗೆಯೇ ಇನ್ನೂ ಮೂರು ಮನೆ. ಆಮೇಲೆ ಹೊಂಗೆಯ ನೆರಳಲ್ಲಿ ದಸ್ತಗೀರ್ ಸಾಬರ ದ್ರಾಕ್ಷಿ ಜ್ಯೂಸಿನ ತಳ್ಳುಗಾಡಿ. "ಕುಡೀರಿ ಅಕ್ಕ, ಈಗ ತಾನೇ ಹಿಂಡಿದ್ದು." ನಾನು, "ಆಮೇಲೆ ಬರ್ತೀನಿ ಸಾಬ್ರೇ." ಅವರು ಗಾಬರಿಯಾಗಿ, "ಬ್ಯಾಡಿ ಅಕ್ಕ, ನನ್ ಗಾಡಿ ಒಂದ್ ಕಡೆ ನಿಲ್ಲಾಕಿಲ್ಲ" ಎಂದರು. ನನಗೋ ಉತ್ಸಾಹ. "ಎಲ್ಲಿದ್ರೂ ಹುಡುಕ್ಕೊಂಡು ಬರ್ತೀನಿ!" ಎಂದು ಕೈಬೀಸಿ ಹೊರಟೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಅಂಬುಜಾಕ್ಷಿ ಗೇಟಿನಲ್ಲಿ ನನ್ನನ್ನು ಕಂಡವಳೇ ಬರಿಗಾಲಲ್ಲಿ ಓಡಿ ಬಂದಳು. ಇಬ್ಬರೂ ಅಪ್ಪಿಕೊಂಡು ಅತ್ತೆವು, ನಕ್ಕೆವು, ಒಬ್ಬರ ನರೆಕೂದಲನ್ನು ಒಬ್ಬರು ಆಡಿಕೊಂಡೆವು. ಚಪ್ಪರದ ಕೆಳಗೆ ಮುನಿವೆಂಕಟಪ್ಪನವರು ಎದ್ದು ನಿಂತರು. ತೆಳ್ಳಗೆ, ಎತ್ತರಕ್ಕೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತರಿ ಹಿಡಿದು ಹಿಡಿದು ಗಂಟಾದ ಬೆರಳು. "ಬನ್ನಿ ತಾಯಿ" ಎಂದು ನನಗೊಂದು ಗೊಂಚಲು ಕೊಯ್ದುಕೊಟ್ಟು ಮತ್ತೆ ಸುಮ್ಮನಾದರು. ಮಾತಿನಮಲ್ಲಿ ಅಂಬುಜಾಕ್ಷಿಗೆ ಸರಿಯಾದ ಜೋಡಿ.

ಅಡುಗೆಯವರು ಬಂದು, "ಎಷ್ಟು ಎಲೆ ಅಮ್ಮ?" ಎಂದರು.

"ಹತ್ತು."

"ಹತ್ತೇ?" ಎಂದೆ ನಾನು. ಮದುವೆಗೆ ಹಿಡಿದಿದ್ದ ಸಂಘದ ಹಾಲ್ ನೂರು ಕುರ್ಚಿಯದು.

"ಎಪ್ಪತ್ತು ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದೆ ಪಮ್ಮಿ. ಎಪ್ಪತ್ತು ಮನೇಲೂ 'ನೋಡೋಣ' ಅಂದ್ರು. ಇವ್ರ ಅಕ್ಕನ ಮನೆಯವರು ಎಂಟು, ನೀನು, ಅಡುಗೆಯವರು. ಅಲ್ಲಿಗೆ ಹತ್ತು." ನಗುತ್ತಲೇ ಹೇಳಿದಳು. ಆದರೆ ಕೈಯಲ್ಲಿದ್ದ ಧಾರೆ ಸೀರೆಯನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮಾಡುತ್ತಿದ್ದಳು.

"ಎಂಥ ಜನವೇ! ನನ್ನನ್ನು ದಾರಿಯುದ್ದಕ್ಕೂ ಕಾಫಿಗೆ ಕರೆದ್ರು. ನಾನು ಎಲ್ಲರಿಗೂ ಬರ್ತೀನಿ ಅಂದು..."

ಅಂಬುಜಾಕ್ಷಿ ಸೀರೆ ಕೆಳಗಿಟ್ಟಳು. "ಏನಂದೆ?"

"ಬರ್ತೀನಿ ಅಂದೆ."

"ಎಷ್ಟು ಮನೇಲಿ?"

"ಐದು. ಮತ್ತೊಂದು ಜ್ಯೂಸ್ ಗಾಡಿ."

ಅವಳು ಹಣೆಗೆ ಕೈಹಚ್ಚಿ ಕೂತಳು. "ಲೇ, ಈ ಊರಲ್ಲಿ ಬರ್ತೀನಿ ಅಂದ್ರೆ ಬರಲೇಬೇಕು ಕಣೇ. ದಿನ ಹೇಳಿದ್ರೆ ಆ ದಿನ. ಹೇಳದಿದ್ರೆ ಅವತ್ತೇ, ದೀಪ ಹಚ್ಚೋದ್ರೊಳಗೆ. ಅಂದ ಕ್ರಮದಲ್ಲೇ ಕಾಲು ಎಳ್ಕೊಂಡು ಹೋಗುತ್ತೆ. ಅದಕ್ಕೇ ಇಲ್ಲಿ ಯಾರೂ ಆ ಮಾತು ಬಾಯಿಗೆ ತರಲ್ಲ. ವೈನು ರುಚಿ ನೋಡೋಕೆ ಬಂದ ಟೂರಿಸ್ಟು ಒಬ್ರು ಹೋಗ್ತಾ ಚೆಂದಾಗಿದೆ ಅಂತ ಕನ್ನಡದಲ್ಲಿ 'ದಿನಾ ಬರ್ತೀನಿ' ಅಂದುಬಿಟ್ರು. ಪಾಪ, ಈಗ ಇಲ್ಲೇ ಮನೆ ಮಾಡಿದಾರೆ."

ನಾನು ನಂಬಲಿಲ್ಲ. ಅಪಾಯ ಕಂಡರೆ ಕಾಲಿಗೆ ಬುದ್ಧಿ ಹೇಳುವುದು ಎಲ್ಲ ಊರಿನ ರೂಢಿ. ಇಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನನ್ನ ಕಾಲೇ ನನಗೆ ಬುದ್ಧಿ ಹೇಳಿತು. ಕೂತಿದ್ದ ಹಾಗೆಯೇ ಬಲಗಾಲ ಬೆರಳು ಬಾಗಿಲ ಕಡೆ ತಿರುಗಿದವು. ಆಮೇಲೆ ಎಡಗಾಲಿನವು. ನೋಡುತ್ತ ನೋಡುತ್ತ ಎದ್ದು, ಚಪ್ಪಲಿ ಮೆಟ್ಟಿ, ಬೀದಿಯಲ್ಲಿದ್ದೆ. "ನಾಲ್ಕೂವರೆ ಒಳಗೆ ಬಂದುಬಿಡೇ!" ಎಂದು ಅಂಬುಜಾಕ್ಷಿ ಹಿಂದಿನಿಂದ ಕೂಗಿದಳು. "ನೀನಿಲ್ದೆ ಧಾರೆ ಇಲ್ಲ!"

ಪುಟ್ಟಗೌರಮ್ಮ ರೇಷ್ಮೆ ಸೀರೆ ಉಟ್ಟು ಕಾಯುತ್ತಿದ್ದರು. ಅಡುಗೆಮನೆಯಲ್ಲಿ ಕಾಯೊಬ್ಬಟ್ಟಿನ ಗೋಪುರ. "ನಾಕು ವರ್ಸ ಆಯ್ತು ತಾಯಿ, ಈ ಗೇಟಲ್ಲಿ ಆ ಮಾತು ಕೇಳಿ. ಎಲ್ರೂ ಹೋದೆ ಹೋದೆ ಅಂತಾರೆ, ಹೋಯ್ತಾರೆ." ಹತ್ತಕ್ಕೆ ಒಂಬತ್ತು ಸಲ ನಾನು ಎಸೆದು ಬಂದ ಮಾತಿಗೆ ಈ ತಾಯಿ ಇಷ್ಟು ಬೆಲ್ಲ ಹಾಕಿದ್ದರು. ಎರಡು ಒಬ್ಬಟ್ಟು ತಿಂದು, ಮದುವೆಗೆ ಯಾಕೆ ಬರುತ್ತಿಲ್ಲ ಎಂದು ನೇರವಾಗಿ ಕೇಳಿಬಿಟ್ಟೆ.

"ಮೇಡಮ್ಮಾರ ಮ್ಯಾಲೆ ನಂಗೇನ್ ಸಿಟ್ಟವ್ವ? ಮಂಡಿ ನೋವು. ಬತ್ತೀನಿ ಅಂದ್ಬುಟ್ಟು ಅವತ್ತು ನೋವು ಜಾಸ್ತಿ ಆದ್ರೆ ಈ ಕಾಲು ಕೇಳ್ತದಾ? ಎಳ್ಕಂಡ್ ಹೋಯ್ತದೆ. ಅದ್ಕೇ ನೋಡಾಣ ಅಂದೆ."

"ಊರಿನ ರೂಢಿ ಗೊತ್ತಿದ್ರೂ ಅವಳು ಅದನ್ನ ಬೇರೆ ಥರ ಅರ್ಥ ಮಾಡ್ಕೊಂಡಿದಾಳೆ. ಯಾರಿಗೂ ಬೇಡ ಈ ಮದುವೆ ಅಂತ. ಹತ್ತೇ ಎಲೆ ಹೇಳಿದಾಳೆ."

ಅಜ್ಜಿ ಒಬ್ಬಟ್ಟಿನ ತಟ್ಟೆ ನೋಡಿದರು, ತಮ್ಮ ಮಂಡಿ ನೋಡಿದರು. "ಹತ್ತಾ? ಅಯ್ಯೋ ಮಗಳೇ." ಆಮೇಲೆ ಬಾವಿಗೆ ಧುಮುಕುವವರ ಹಾಗೆ ಕಣ್ಣು ಮುಚ್ಚಿ, "ಮದ್ವೆಗೆ ಬತ್ತೀನಿ" ಅಂದುಬಿಟ್ಟರು. ತಕ್ಷಣ ಅವರ ಹೆಬ್ಬೆರಳು ಅಲ್ಲಾಡಿತು. "ನೋಡು, ಆಗ್ಲೇ ಎಳೀತಾ ಐತೆ!" ಎಂದು ಬೊಚ್ಚು ಬಾಯಿ ತೆರೆದು ನಕ್ಕರು. ಒಬ್ಬಟ್ಟನ್ನೆಲ್ಲ ಬುಟ್ಟಿಗೆ ತುಂಬತೊಡಗಿದರು.

ಹನುಮಂತರಾಯರ ಮನೆಯಲ್ಲಿ ಆಂಬೊಡೆ, ಕೇಸರಿಬಾತು. ರಾಯರು ಮಾತ್ರ ಅಳೆದೂ ಸುರಿದೂ ಮಾತಾಡುವವರು. "ಈ ವಯಸ್ಸಲ್ಲಿ ಮದುವೆ ಅಂದ್ರೆ ಅಸೋಸಿಯೇಷನ್ನಿನ ನಿಲುವು ಏನು ಅಂತ... ಅಧ್ಯಕ್ಷನಾಗಿ ನಾನು... ಪ್ರಯತ್ನ ಮಾಡೋಣ ಮೇಡಂ."

ನಾನು ಇಪ್ಪತ್ತೆರಡು ವರ್ಷ ಆಪರೇಟರಾಗಿದ್ದವಳು. ಎಳೆದಾಡುವವರನ್ನು ಕಂಡರೆ ಹಳೆಯ ದನಿ ತಾನಾಗಿಯೇ ಬರುತ್ತದೆ. "ಹಲೋ, ಮೂರು ನಿಮಿಷ ಆಯ್ತು ಸಾರ್. ಮಾತಾಡ್ತೀರೋ, ಲೈನ್ ಕಟ್ ಮಾಡ್ಲೋ?"

ಅಡುಗೆಮನೆಯಿಂದ ಅವರ ಹೆಂಡತಿ ಸರಸಮ್ಮ ಸೌಟು ಹಿಡಿದೇ ಬಂದರು. "ಅವ್ರು ಬೇಕಾದ್ರೆ ನೋಡ್ತಾ ಕೂತಿರ್ಲಿ. ಮೂವತ್ತು ವರ್ಷದಿಂದ ನೋಡೋಣ ನೋಡೋಣ ಅಂತ ನೋಡಿದ್ದೇ ಆಯ್ತು. ಮದುವೆಗೆ ನಾನು ಬರ್ತೀನಿ!" ಮಾತು ಮುಗಿಯುವ ಮೊದಲೇ ಅವರ ಕಾಲು ಹೊಸ್ತಿಲು ದಾಟಿತ್ತು. ಕೇಸರಿಬಾತಿನ ಪಾತ್ರೆ ಬಾಗಿಲಲ್ಲಿ ಹೋಗುತ್ತಿರುವುದನ್ನು ಕಂಡ ರಾಯರು ಎದ್ದು, "ಬರ್ತೀನಿ ಬರ್ತೀನಿ, ಇರೇ" ಎಂದರು.

ಸುದ್ದಿ ನನಗಿಂತ ಮುಂದೆ ಓಡಿತು. ಮೂರನೆಯ ಮನೆಗೆ ಹೋಗುವಷ್ಟರಲ್ಲಿ ಮಹಡಿಯ ಮೇಲಿಂದ, ಕಾಂಪೌಂಡಿನ ಆಚೆಯಿಂದ "ನಾವೂ ಬರ್ತೀವಿ" ಎಂಬ ಕೂಗು. ಎಷ್ಟೋ ವರ್ಷ ಬಾಯಲ್ಲಿ ಹಿಡಿದಿಟ್ಟುಕೊಂಡಿದ್ದ ಮಾತು. ಒಬ್ಬರು ಅಂದ ಮೇಲೆ ಇನ್ನೊಬ್ಬರಿಗೆ ತಡೆಯಲಾಗಲಿಲ್ಲ. ಹಲ್ಲಿನ ಡಾಕ್ಟರಂತೂ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದವರನ್ನೂ ಕರೆದುಕೊಂಡು ಹೊರಟರು. ನಾನು ಹೋದ ಐದೂ ಮನೆಗಳಲ್ಲಿ ನನಗೆಂದು ಮಾಡಿದ್ದ ತಿಂಡಿಯೆಲ್ಲ ಬೀದಿಗೆ ಬಂತು.

ನಾಲ್ಕು ಗಂಟೆಗೆ ಐದನೆಯ ಮನೆ ಮುಗಿಸಿದೆ. ಎದುರಿಗೇ ಸಂಘದ ಹಾಲ್, ಮಾವಿನ ತೋರಣ. ಧಾರೆ ಸೀರೆ ಉಟ್ಟ ಅಂಬುಜಾಕ್ಷಿ ಬಾಗಿಲಲ್ಲಿ ನಿಂತು ಬೀದಿ ತುಂಬ ಬರುತ್ತಿದ್ದ ಜನವನ್ನು ಬಾಯಿಬಿಟ್ಟು ನೋಡುತ್ತಿದ್ದಳು. ಗೆದ್ದೆ ಅಂದುಕೊಂಡೆ. ಆದರೆ ನನ್ನ ಕಾಲು ಹಾಲ್ ಕಡೆ ತಿರುಗಲಿಲ್ಲ. ತೋರಣದ ಮುಂದೆಯೇ ದಾಟಿಕೊಂಡು ಹೋಯಿತು.

"ಎಲ್ಲಿಗೇ?"

"ಜ್ಯೂಸ್ ಗಾಡಿ ಕಣೇ! ಅದೊಂದು ಬಾಕಿ!"

"ಸಾಬ್ರು ಸಾಯಂಕಾಲ ಫ್ಯಾಕ್ಟರಿ ಗೇಟಲ್ಲಿ ಇರ್ತಾರೆ! ಒಂದು ಮೈಲಿ!"

ಎಲ್ಲಿದ್ದರೂ ಹುಡುಕಿಕೊಂಡು ಬರುತ್ತೇನೆಂದು ನಾನೇ ಕೈಬೀಸಿ ಹೇಳಿದ್ದೆನಲ್ಲ. ದ್ರಾಕ್ಷಿ ತೋಟದ ನಡುವಿನ ಮಣ್ಣುದಾರಿಯಲ್ಲಿ ಓಡುನಡಿಗೆ. ತಿರುಗಿ ನೋಡುವುದಕ್ಕೂ ಕಾಲು ಬಿಡಲಿಲ್ಲ. ಗಾಡಿ ಸಿಕ್ಕಾಗ ನಾಲ್ಕು ಇಪ್ಪತ್ತು. ದಸ್ತಗೀರ್ ಸಾಬರು ಲೋಟ ಹಿಡಿದು ನಿಂತಿದ್ದರು. "ನಾ ಬ್ಯಾಡ ಅಂದೆ ಅಕ್ಕ," ಎಂದು ತಾವೇ ತಪ್ಪು ಮಾಡಿದವರಂತೆ ಹೇಳಿದರು. ಕುಡಿದೆ. ಕಾಲು ಸಡಿಲವಾಯಿತು. ಇನ್ನು ಹತ್ತೇ ನಿಮಿಷ, ಒಂದು ಮೈಲಿ, ನನ್ನ ಉಬ್ಬಸ. ದಾರಿ ಬದಿಯ ಕಲ್ಲಿನ ಮೇಲೆ ಕುಸಿದು ಗಟ್ಟಿಯಾಗಿ ಅತ್ತುಬಿಟ್ಟೆ. ಜೀವಮಾನದಲ್ಲಿ ಒಮ್ಮೆ ನಿಜವಾಗಿ ಬಂದಿದ್ದೆ, ಆಗಲೂ ಅವಳ ಪಕ್ಕದಲ್ಲಿರಲಿಲ್ಲ.

"ಅಕ್ಕ, ಅತ್ಲಾಗ್ ನೋಡಿ" ಎಂದರು ಸಾಬರು.

ಮಣ್ಣುದಾರಿಯಲ್ಲಿ ಧೂಳೆದ್ದಿತ್ತು. ಧೂಳಿನ ಮುಂದೆ ಅಂಬುಜಾಕ್ಷಿ, ಸೀರೆಯ ನೆರಿಗೆ ಎತ್ತಿ ಹಿಡಿದು. ಪಕ್ಕದಲ್ಲಿ ಉದ್ದುದ್ದ ಹೆಜ್ಜೆ ಹಾಕುತ್ತ ಮುನಿವೆಂಕಟಪ್ಪನವರು. ಅವರ ಹಿಂದೆ ಬುಟ್ಟಿ, ಬೋಗುಣಿ, ಪಾತ್ರೆ ಹೊತ್ತ ಇಡೀ ಬಡಾವಣೆ. ಪುಟ್ಟಗೌರಮ್ಮನನ್ನು ಯಾರೋ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಳ್ಳುತ್ತಿದ್ದರು.

"ನೀನಿಲ್ದೆ ಧಾರೆ ಯಾರೇ ಎರೀತಾರೆ, ಬರ್ತೀನಿ ಪ್ರಮೀಳಾ?" ಅಂಬುಜಾಕ್ಷಿ ಏದುಸಿರು ಬಿಡುತ್ತ ನನ್ನ ಬೆನ್ನಿಗೊಂದು ಗುದ್ದಿದಳು. "ನೀನು ಹೋದ ಕಡೇನೇ ಮದುವೆ ಅಂತ ಹೊರಟೆ."

ಹನುಮಂತರಾಯರಿಗೆ ಇನ್ನೂ ಅಚ್ಚರಿ. "ನಾವು ಹಾಲ್ ಒಳಗೆ ಕೂತಾಗಿತ್ತು ಮೇಡಂ. ಇವ್ರಿಬ್ರು ಹೊರಟ ಕೂಡ್ಲೆ ನಮ್ಮ ಕಾಲೂ ಎದ್ದುಬಿಡ್ತು. ಮದುವೆಗೆ ಬರ್ತೀವಿ ಅಂದಿದ್ವಿ, ಹಾಲ್‌ಗೆ ಅಂದಿರಲಿಲ್ವಲ್ಲ!"

ನಾಲ್ಕೂವರೆಗೆ ಎರಡು ನಿಮಿಷ. ಮುನಿವೆಂಕಟಪ್ಪನವರು ಪಕ್ಕದ ತೋಟದ ಗೇಟು ತೆರೆದರು. ಅಲ್ಲಿನ ಚಪ್ಪರ ಅವರೇ ಹಾಕಿದ್ದು, ಬಳ್ಳಿ ಅವರೇ ಕಸಿ ಕಟ್ಟಿದ್ದು. ಜನ ಗೊಂಚಲುಗಳ ಕೆಳಗೆ ತಲೆ ಬಗ್ಗಿಸಿ ನಿಂತರು. ಆಗ ಗೊತ್ತಾಯಿತು, ಧಾರೆಯ ನೀರಿನ ತಂಬಿಗೆ ಹಾಲ್‌ನಲ್ಲೇ ಉಳಿದಿತ್ತು.

ಬೆಳಿಗ್ಗೆ 'ಬನ್ನಿ ತಾಯಿ' ಅಂದದ್ದು ಬಿಟ್ಟರೆ ಇಡೀ ದಿನ ಮಾತಾಡದಿದ್ದ ಮದುಮಗ ಬಾಯಿಬಿಟ್ಟರು. "ಸಾಬ್ರ ಹತ್ರ ಐತಲ್ಲ. ಅದೂ ಈ ನೆಲದ ನೀರೇ. ಬಳ್ಳಿ ಹತ್ತಿ ಇಳ್ದೈತೆ, ಅಷ್ಟೇಯ."

ದಸ್ತಗೀರ್ ಸಾಬರು ಹೊಸ ಜಗ್ಗು ತೊಳೆದು ತುಂಬಿಸಿ ತಂದುಕೊಟ್ಟರು. ಗಂಟು ಬೆರಳಿನ ಅಂಗೈ ಮೇಲೆ ಅಂಬುಜಾಕ್ಷಿಯ ಅಂಗೈ. ಒಂದು ಕಾಲದಲ್ಲಿ ನನ್ನ ಪಕ್ಕದಲ್ಲಿ ಕೂತು ಊರೂರಿಗೆ ತಂತಿ ಜೋಡಿಸಿದ ಕೈ ಅದು. ನಾನು ಎರೆದೆ. ಕಡುನೇರಳೆ ರಸ ಬೆರಳ ಸಂದಿಯಿಂದಿಳಿದು ಬಿಳಿ ಸೀರೆಯ ಅಂಚಿಗೂ ಬಿಳಿ ಅಂಗಿಗೂ ಹರಿಯಿತು. ಯಾರೂ ಒರೆಸಲು ಹೋಗಲಿಲ್ಲ. ಹಾಲ್‌ನಿಂದ ತಂದಿದ್ದ ಹತ್ತು ಎಲೆಯನ್ನು ಹಿರಿಯರಿಗೆ ಹಾಕಿದರು. ಮಿಕ್ಕವರು ಅಂಗೈಯಲ್ಲೇ ಒಬ್ಬಟ್ಟು, ಅಂಗೈಯಲ್ಲೇ ಕೇಸರಿಬಾತು ತಿಂದರು. ಯಾರು ಯಾರ ಮನೆಗೆ ಯಾವತ್ತು ಬರುತ್ತೇವೆಂದು ಆಮೇಲೆ ಕೂಗಾಡತೊಡಗಿದರು. ಅವರ ಮುಂದಿನ ಒಂದು ವರ್ಷದ ಭಾನುವಾರಗಳೆಲ್ಲ ಆ ಚಪ್ಪರದ ಕೆಳಗೇ ಮುಗಿದುಹೋಗಿರಬೇಕು.

ಐದೂವರೆಗೆ ನನಗೆ ಬಸ್ಸು. ಮದುಮಕ್ಕಳೇ ಕಮಾನಿನವರೆಗೆ ಬಂದರು. ಅಂಬುಜಾಕ್ಷಿ ನನ್ನ ಎರಡೂ ಕೈ ಹಿಡಿದುಕೊಂಡಳು. "ದಮ್ಮಯ್ಯ, ಹೋಗ್ತೀನಿ ಅನ್ನು. ಬೇರೇನೂ ಅನ್ಬೇಡ. ಮನೇಲಿ ಯಜಮಾನ್ರು ಕಾಯ್ತಿರ್ತಾರೆ."

ಹೇಳಬೇಕೆಂದೇ ಬಾಯಿ ತೆರೆದೆ. ಒಬ್ಬಟ್ಟಿನ ಅಜ್ಜಿಯ ನೆನಪೋ, ನೇರಳೆ ಅಂಚಿನ ಆ ಸೀರೆಯೋ, ಒಂಬತ್ತು ವರ್ಷ ಅವಳು ಕಿವಿಗೆ ಫೋನು ಹಿಡಿದು ಕಾದದ್ದೋ. "ಬರ್ತೀನಿ ಕಣೇ" ಅಂದೆ.

ಬಸ್ಸು ಹೊರಟು ಒಂದು ತಿರುವು ದಾಟಿರಲಿಲ್ಲ, ನನ್ನ ಕಾಲು ಎದ್ದು ನಿಂತಿತು. ಇಳಿದು, ಬ್ಯಾಗು ಹೊತ್ತು ವಾಪಸ್ಸು ನಡೆದುಬಂದೆ. ಕಮಾನಿನ ಕೆಳಗೆ ಅಂಬುಜಾಕ್ಷಿ ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲದ ಮೇಲೆಯೇ ಕೂತಿದ್ದಳು. ಮುನಿವೆಂಕಟಪ್ಪನವರು ಕಟ್ಟೆಯ ಮೇಲೆ ನನಗೆ ಜಾಗ ಬಿಟ್ಟು ಸರಿದು ಕೂತರು. ಅರ್ಧ ಗಂಟೆಗೊಂದು ಬಸ್ಸು. "ಈಗಲಾದ್ರೂ ಸರಿಯಾಗಿ ಹೇಳೇ" ಎಂದಳು ಅವಳು.

ಆ ಸಂಜೆ ಬಸ್ಸು ಇನ್ನೂ ಮೂರು ಸಲ ಬಂತು. ಮೂರು ಸಲವೂ ನಾನು ಸರಿಯಾಗಿಯೇ 'ಬರ್ತೀನಿ' ಅಂದೆ.